ಗಾಡಿ ಕಿಟಕಿಯ ಕೊಟ್ಟೂರಪ್ಪ

ರಾಂಪುರದ ಹೋಟೆಲಿನ ಗಾಡಿ ಕಿಟಕಿಗೆ ವಿಭೂತಿ ಹಚ್ಚದೆ ಕೊಟ್ಟೂರಪ್ಪ ಒಂದು ದಿನವೂ ಅದನ್ನು ತೆರೆದವನಲ್ಲ. ಗಾಡಿಯಿಂದ ಇಳಿಯದೆ ಇಡ್ಲಿ ಪೊಟ್ಟಣ ಒಯ್ಯಲೆಂದು ಮಾಡಿದ ಆ ಕಿಟಕಿಗೆ ಯಾರಾದರೂ ನಡೆದು ಬಂದರೆ ‘ಗಾಡಿ ಎಲ್ಲೈತೆ?’ ಎಂದು ಗದರುತ್ತಾನೆ. ಸೈಕಲ್ಲಿನವನು ಗಂಟೆ ಬಾರಿಸಿದರೆ ‘ಹಾರನ್ ಹೊಡಿಯಲೇ, ನೋಡಾನ’ ಎನ್ನುತ್ತಾನೆ. ಎತ್ತಿನ ಗಾಡಿಗೆ ಮಾತ್ರ, ಹೆಸರಲ್ಲೇ ಗಾಡಿ ಇರುವುದರಿಂದ, ಸೋತು ಕೊಡುತ್ತಾನೆ. ಉಳಿದವರನ್ನೆಲ್ಲ ಬೇವಿನ ಮರದಡಿಗೆ ಅಟ್ಟಿ, ಇತ್ತ ಕಾರುಗಳು ಹಾರನ್ ಬಡಿದುಕೊಳ್ಳುತ್ತಿದ್ದರೂ, ತಾನೇ ಕುಂಟುತ್ತ ಹೋಗಿ ಪೊಟ್ಟಣ ಕೊಟ್ಟು ಬರುತ್ತಾನೆ. ಒಲೆಯ ಮುಂದಿನ ಯರ್ರಮ್ಮನಿಗೆ ಸಾಕಾಗಿ ಹೋಗಿತ್ತು. ‘ಕಿಟಕೀಲೇ ಕೊಟ್ರೆ ನಿಮ್ಮ ಗಂಟೇನು ಹೋಗ್ತೈತ್ರಿ?’ ಎಂದು ಇವತ್ತು ರೇಗಿದಳು. ಅವನು ಪಂಚೆ ಎತ್ತಿ ಸೊಟ್ಟ ಕಾಲು ತೋರಿಸಿದ. ‘ಇದೇ ಕಿಟಕಿ ಮುಂದೆ ನಿಂತಿದ್ದೆ ಕಣವ್ವ. ಲಾರಿ ಹಿಂದಕ್ಕೆ ಬಂತು.’ ಯರ್ರಮ್ಮ ಕೈ ಒರೆಸಿಕೊಂಡು, ‘ಇತ್ತ ಕೊಡ್ರಿ, ಮರದ ತಾವ ನಾನೇ ಕೊಟ್ಟು ಬರ್ತೀನಿ’ ಎಂದಳು. ‘ಬ್ಯಾಡವ್ವ, ಗಾಡಿಗಳು ತಿರುಗ್ತಿರ್ತಾವೆ. ನೀನು ಒಳಗೇ ಇರು.’