ಸವೆಯದ ಕರಡಿ

ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ಅಮೆರಿಕದ ಬಂದರು ಊರು ಡುಲೂತಿನ ಆರ್ಡಿಸ್‌ಗೆ ಹಿಡಿದ ಹುಚ್ಚು ಒಂದೇ: ಧಾನ್ಯದ ಪೇಟೆಯ ವ್ಯಾಪಾರವನ್ನೇ ಆಡುವ, ಇಸ್ಪೀಟಿನಂಥ ಹಳೆಯ ಚಿತ್ರದ ಎಲೆಯಾಟಗಳು. ಗೋಧಿ, ಬಾರ್ಲಿ, ಅಗಸೆಯ ಎಲೆಗಳನ್ನು ಕೂಗಾಡಿ ಬದಲಾಯಿಸಿಕೊಂಡು ಒಂದೇ ಧಾನ್ಯ ಕೂಡಿಸಿದವರು ಗೆದ್ದಂತೆ. ಆಗ ಕರಡಿಯ ಎಲೆ ಯಾರ ಕೈಯಲ್ಲಿ ಉಳಿದಿದೆಯೋ ಅವರಿಗೆ ಅಂಕ ಖೋತಾ.

ಅಂಥ ಕಟ್ಟುಗಳು ಅವಳಲ್ಲಿ ರಾಶಿ ಇದ್ದವು. ಒಂದಂತೂ ಮೊಹರು ಒಡೆಯದೆ ಸಿಕ್ಕಿತ್ತು. ಬೇರೆಯವರಾಗಿದ್ದರೆ ಗಾಜಿನೊಳಗಿಟ್ಟು ಪೂಜೆ ಮಾಡುತ್ತಿದ್ದರು. ಇವಳು ಒಡೆದು, ಚಳಿಗಾಲದ ಭಾನುವಾರಗಳಲ್ಲಿ ಹಳೆಯ ಗೆಳೆಯ ಓರ್ಲಿನ್ ಮತ್ತು ಅವನ ಹೆಂಡತಿ ಮೇವಿಸ್ ಜೊತೆ ಆಡುತ್ತಾ ಬಂದಳು. ಓರ್ಲಿನ್ ಬಂದರಿನ ಧಾನ್ಯದ ಉಗ್ರಾಣದಲ್ಲಿ ದುಡಿದವನು. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದಿದ್ದ ನಂಟು ಈ ಇಬ್ಬರದೇ.

ಈ ಸಲದ ಚಳಿಗಾಲದಲ್ಲಿ ಎಲೆಗಳನ್ನು ನೋಡಲು ಬಂದ ವ್ಯಾಪಾರಿಯೊಬ್ಬ ಅವಳ ತಲೆಯಲ್ಲಿ ಹುಳ ಬಿಟ್ಟುಹೋದ.

"ಯಾವ ಕಟ್ಟಲ್ಲೂ ಮೊದ್ಲು ಸವೆಯೋದು ಕರಡಿನೇ. ಯಾರೂ ಇಟ್ಕೊಳ್ಳಲ್ಲ ನೋಡಿ, ದಾಟಿಸ್ತಾನೇ ಇರ್ತಾರೆ. ನೀವು ಆಡೋ ಈ ಕಟ್ಟಿನ ಕರಡಿ ಮೂಲೆ ಇನ್ನೂ ಚೂಪಾಗಿದೆ. ಯಾರೋ ಬದಲಾಯ್ಸಿದಾರೆ."

ಹಿಂದೊಮ್ಮೆ, ಹರಿದ ಡಬ್ಬಿ ಅಂಟಿಸಿಕೊಡುತ್ತೇನೆಂದು ಆ ಕಟ್ಟನ್ನು ಮನೆಗೊಯ್ದವನು ಓರ್ಲಿನ್ ಒಬ್ಬನೇ. ವ್ಯಾಪಾರಿಯ ಮಾತು ಕೇಳಿದಂದಿನಿಂದ ಅವನ ನಗು ಕಳ್ಳನಗುವಾಗಿ ಕಂಡಿತು. ಹೊಗೆಯಾಡಿಸಿದ ಮೀನು ತಂದುಕೊಟ್ಟರೆ, ತಪ್ಪು ಮುಚ್ಚಿಕೊಳ್ಳಲು ತಂದಿದ್ದಾನೆ ಎಂದುಕೊಂಡಳು. ಎದ್ದು ಹೊರಟರೆ ಅವನ ಜೇಬಿನ ಮೇಲೇ ಕಣ್ಣು.

ಭಾನುವಾರ ಆಟದ ನಡುವೆ ಅವಳು ಕರಡಿಯನ್ನು ಮೇಜಿನ ಮೇಲೆ ಬಡಿದಳು.

"ನನ್ನ ಕರಡಿ ಎಲ್ಲಿ, ಓರ್ಲಿನ್?"

"ಇದೇ ಅಲ್ವೇನೆ?"

"ಇಷ್ಟು ವರ್ಷ ಆಡಿದ್ದು ಹೀಗೆ ಹೊಚ್ಚ ಹೊಸದಾಗಿರತ್ತಾ? ಯಾರ ಕಿವಿ ಮೇಲೆ ಹೂ ಇಡ್ತೀಯ?"

ಓರ್ಲಿನ್ ಮುಖ ಕೆಂಪಾಯಿತು. ಅವಳಿಗೆ ಅದೇ ಸಾಕ್ಷಿ.

"ಕಳ್ಳ! ಇನ್ನು ಈ ಮನೆ ಮೆಟ್ಟಿಲು ಹತ್ಬೇಡ."

ಮೇವಿಸ್‌ಗೆ ತಡೆಯಲಾಗಲಿಲ್ಲ. "ಬಾಯಿಗೆ ಬಂದಂಗೆ ಆಡ್ಬೇಡ ಕಣೆ. ನಿನ್ ಗಂಡ ತೀರ್ಕೊಂಡ ವರ್ಷ ಕರಡಿ ನಿನ್ ಕೈಲೇ ಉಳೀತು ಅಂತ ಮೇಜಿನ ಮೇಲೆ ತಲೆಯಿಟ್ಟು ಅತ್ತೆಯಲ್ಲ, ಮರೆತ್ಯಾ? ಅವತ್ತಿಂದ ಅದು ಇವನ ಕೈಗೆ ಬಂದ್ರೆ ಮುಗೀತು, ಬಿಡೋದೇ ಇಲ್ಲ. ಕೈಯಿಂದ ಕೈಗೆ ಹೋಗದೆ ಎಲ್ಲಿ ಸವೆಯತ್ತೆ?"

ಆರ್ಡಿಸ್‌ಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ಆ ನಾಚಿಕೆಯಲ್ಲೂ ಸಂಶಯ ಬಿಡಲಿಲ್ಲ.

"ಹಾಗಾದ್ರೆ ನಾನು ಗೆದ್ದಿದ್ದೆಲ್ಲ ನೀನು ಬಿಟ್ಕೊಟ್ಟಿದ್ದಾ?"

ಓರ್ಲಿನ್ ತಲೆ ತಗ್ಗಿಸಿ ಎಲೆಗಳನ್ನು ಕಲಸತೊಡಗಿದ. ಕರಡಿಗಾಗಿ ಕೈ ಚಾಚಿದಾಗ ಅವಳು ಕೊಡಲಿಲ್ಲ.

"ಇವತ್ತು ಇದು ನನ್ ಹತ್ರಾನೇ ಇರ್ಲಿ, ಅಳಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತಾ.