ಕೆಂಡದ ಮೇಲೆ ಉಬ್ಬಿದ ಪಟಿಕ

ಆ ಚಳಿಗಾಲದಲ್ಲಿ ನಮ್ಮ ಅಡುಗೆಕಟ್ಟೆಯ ಒಂದು ಮೂಲೆ ಮಗಳ ಪಾಲಾಗಿತ್ತು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳು ಲವಣಗಳನ್ನು ಆರಿಸಿಕೊಂಡಿದ್ದಳು. ದುಡಿಯಲು ಕೊಂಕಣಿ ಸೀಮೆಗೆ ಬಂದ ನಮಗೆ, ಬಂದರಿನ ಪಕ್ಕದ ಸಡಾ ಗುಡ್ಡದ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಂದು ಮೂಲೆ ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ. ನಾನು ಎಣ್ಣೆ ಶೀಸೆ, ಖಾರದ ಡಬ್ಬಿಗಳನ್ನು ಗೋಡೆಯ ಹಲಗೆಗೆ ಏರಿಸಿ ಜಾಗ ಮಾಡಿಕೊಟ್ಟೆ. ಬಂದರಿನ ಕಲ್ಲಿದ್ದಲ ಪುಡಿ ಕಿಟಕಿಯಿಂದ ಬಂದು ಎಲ್ಲದರ ಮೇಲೂ ಕೂರುತ್ತದಲ್ಲ, ಅದಕ್ಕೆ ಅವಳ ಬಾಟಲಿಗಳ ಬಾಯಿಗೆ ಹಳೆಯ ದುಪಟ್ಟಾದ ತುಂಡು ಕಟ್ಟಿಡುತ್ತಿದ್ದೆ.

ಮೊದಲು ತಯಾರಾದದ್ದು ಸಮುದ್ರದ ಉಪ್ಪು. ಯಜಮಾನರು ಕೆಲಸ ಮುಗಿಸಿ ಬರುವಾಗ ಬಾಯ್ನಾ ದಂಡೆಯಿಂದ ಒಂದು ಕ್ಯಾನ್ ನೀರು ತಂದರು. ಮಗಳು ಅದನ್ನು ಸೋಸಿ, ತೂತು ಬೀಳಲು ಬಂದಿದ್ದ ಒಂದು ಪಾತ್ರೆಯಲ್ಲಿ ಕುದಿಸಿ ಬತ್ತಿಸಿದಳು. ತಳದಲ್ಲಿ ಬೆಳ್ಳಗೆ ಉಳಿದದ್ದನ್ನು ನೋಡಿ ನನಗೇ ಖುಷಿಯಾಯಿತು, ಆದರೆ ಸಂಜೆಯಷ್ಟರಲ್ಲಿ ಅದು ಜಿಟಿಜಿಟಿ ಅನ್ನತೊಡಗಿತು. ಸಮುದ್ರದ ನೀರಿನಲ್ಲಿ ಅಡುಗೆಯ ಉಪ್ಪು ಮಾತ್ರವಲ್ಲ, ಗಾಳಿಯ ಪಸೆಯನ್ನು ಎಳೆದುಕೊಳ್ಳುವ ಬೇರೆ ಲವಣವೂ ಇರುತ್ತದೆ ಎಂದು ಅವಳು ಹೇಳಿದಳು. ಮಳೆಗಾಲದಲ್ಲಿ ನನ್ನ ಉಪ್ಪಿನ ಡಬ್ಬಿ ಯಾಕೆ ಬೆವರುತ್ತದೆ ಎಂಬುದು ನನಗೆ ಇಷ್ಟು ವರ್ಷಗಳ ಮೇಲೆ ಗೊತ್ತಾಯಿತು.

ಆಮೇಲೆ ವಿನೆಗರಿಗೆ ಬಟ್ಟೆ ಒಗೆಯುವ ಸೋಡಾ ಹಾಕಿದಳು. ಭುಸ್ಸೆಂದು ನೊರೆ ಎದ್ದು ತಣ್ಣಗಾದ ಮೇಲೆ ಹುಳಿಯೂ ಹೋಗಿತ್ತು, ಸೋಡಾದ ಖಾರವೂ ಹೋಗಿತ್ತು. ಆ ನೀರನ್ನು ಬತ್ತಿಸಿದಾಗ ಸಿಕ್ಕಿದ್ದು ಮೂರನೆಯದೇ ಒಂದು ಲವಣ. ನೀಲಿಯ ಮೈಲುತುತ್ತವನ್ನು ಮಾತ್ರ ಶಾಲೆಯಲ್ಲೇ, ಟೀಚರ್ ಮುಂದೆ ನಿಂತು, ತಾಮ್ರದ ಕರಿ ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಮಾಡಿದ್ದಳು. ವಿಷದ ವಸ್ತು, ಮನೆಗೆ ತರುವುದಿಲ್ಲ ಎಂದು ಅವಳೇ ಹೇಳಿದಳು.

ಇಷ್ಟೆಲ್ಲದರ ನಡುವೆ ಅವಳ ಜೀವವಿದ್ದದ್ದು ಪಟಿಕದ ಹರಳಿನಲ್ಲಿ. ಕಿರಾಣಿ ಅಂಗಡಿಯ ಪಟಿಕವನ್ನು ಕುಟ್ಟಿ, ಬಿಸಿನೀರಿನಲ್ಲಿ ಇನ್ನು ಕರಗುವುದಿಲ್ಲ ಎನ್ನುವವರೆಗೆ ಕರಗಿಸಿ, ಆರಲು ಬಿಟ್ಟಳು. ತಳದಲ್ಲಿ ಸಣ್ಣ ಸಣ್ಣ ಹರಳು ಕೂತವು. ಅವುಗಳಲ್ಲಿ ಚಂದದ್ದೊಂದನ್ನು ಆರಿಸಿ, ದಾರಕ್ಕೆ ಕಟ್ಟಿ, ಕಸಬರಿಗೆಯ ಕಡ್ಡಿಯಿಂದ ಬಾಟಲಿಯೊಳಗೆ ಇಳಿಬಿಟ್ಟಳು. ನೀರನ್ನು ಆಗಾಗ ಸೋಸಿ ಹೊಸದಾಗಿ ಪಟಿಕ ಕರಗಿಸಿ ತುಂಬುತ್ತಿದ್ದಳು. ವಾರಗಳು ಕಳೆದಂತೆ ಹರಳು ನಿಂಬೆಹಣ್ಣಿನಷ್ಟಾಯಿತು. ಎಂಟು ಮುಖ, ಗಾಜಿನಂತೆ ತಿಳಿ, ಯಾರೋ ಕೂತು ಚೂಪಾಗಿ ಕೆತ್ತಿದ ಹಾಗೆ ಅಂಚುಗಳು. ಪಟಿಕದ ಒಳಗೆ ಎರಡು ಲವಣಗಳು ಜೋಡಿಯಾಗಿ ಸಂಸಾರ ಮಾಡುತ್ತವೆ ಎಂದು ಅವಳು ಅಂದಾಗ ನಮ್ಮತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು.

ಪ್ರತಿ ವರ್ಗದಿಂದ ಒಂದೇ ಮೇಜು ಮಡಗಾಂವಿನ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ ಎಂದು ಟೀಚರ್ ಹೇಳಿದ್ದರು. ಈ ಹರಳು ನೋಡಿದರೆ ತನ್ನ ಮೇಜನ್ನೇ ಕಳಿಸುತ್ತಾರೆ ಎಂದು ಮಗಳ ಲೆಕ್ಕ. ಓಣಿಯವರೆಲ್ಲ ಬಂದು ನೋಡಿ ಹೋದರು.

ಪ್ರದರ್ಶನದ ಹಿಂದಿನ ದಿನ ಅವಳು ಶಾಲೆಯಿಂದ ಬಂದವಳೇ ಮೈ ಬೆಚ್ಚಗೆ ಮಾಡಿಕೊಂಡು ಹೊದ್ದು ಮಲಗಿದಳು. ನಾನು ನಲ್ಲಿಯ ಸರದಿಗೆ ಕೊಡ ಹಿಡಿದು ಹೋದೆ. ತಿರುಗಿ ಬರುವಷ್ಟರಲ್ಲಿ ಹಿತ್ತಲಲ್ಲಿ ಅತ್ತೆ, ಸ್ನಾನದ ನೀರು ಕಾಯಿಸುವ ಒಲೆಯ ಮುಂದೆ ಕೂತು, ಕೆಂಡವನ್ನೇ ನೋಡುತ್ತಿದ್ದರು. ಕೆಂಡದ ಮೇಲೆ ಏನೋ ಬುರಬುರ ಅನ್ನುತ್ತಾ ಬೆಳ್ಳಗೆ ಉಬ್ಬುತ್ತಿತ್ತು.

ನಮ್ಮ ಕಡೆಯ ಪದ್ಧತಿ ಇದು. ಮಕ್ಕಳಿಗೆ ನದರು ತಾಗಿದೆ ಅನ್ನಿಸಿದರೆ ಪಟಿಕ ನಿವಾಳಿಸಿ ಕೆಂಡಕ್ಕೆ ಹಾಕುವುದು. ಅದು ಎಷ್ಟು ಉಬ್ಬುತ್ತದೋ ಅಷ್ಟು ನದರು ಎಂದರ್ಥ.

"ಓಣಿ ಮಂದಿ ಎಲ್ಲಾ ಕಣ್ಣ ಹಾಕ್ಯಾರ ನೋಡ" ಎಂದರು ಅತ್ತೆ. "ಹೆಂಗ ಉಬ್ಬೇತಿ! ಅಂಗಡಿ ಪಟಿಕದಾಗ ಹೊಲಸ ಇರ್ತೈತಿ, ಅದಕ್ಕ ಆ ಹುಡಿಗಿ ಮಾಡಿದ್ದ ಸ್ವಚ್ಛಂದು ತಗೊಂಡೆ."

ನನ್ನ ಕೊಡ ಕಂಕುಳಲ್ಲೇ ಉಳಿಯಿತು. ಅತ್ತೆ ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನು ಮೊಮ್ಮಗಳಿಗಾಗಿ ಹಾಕಿದ್ದರು.

ಮಾತು ಕೇಳಿ ಮಗಳು ಎದ್ದು ಬಂದಳು. ಖಾಲಿ ದಾರ ನೋಡಿದಳು, ಒಲೆ ನೋಡಿದಳು. ಅಲ್ಲೇ ಹೊಸ್ತಿಲ ಮೇಲೆ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಆಗ ಅತ್ತೆಗೆ ಅರ್ಥವಾಯಿತು. "ಯವ್ವಾ, ಅದು ಶಾಲಿಗೆ ಒಯ್ಯೂದಿತ್ತೇನ? ಬಾಟಲಿಯಾಗ ಒಂದ ಬೆಳದೈತಲ್ಲ, ಮತ್ತೊಂದ ಬೆಳೀತೈತಿ ಅಂದಕೊಂಡೆ" ಎಂದು ಸಣ್ಣ ದನಿಯಲ್ಲಿ ಹೇಳಿ, ಅವಳ ಬೆನ್ನು ಸವರತೊಡಗಿದರು.

ಹುಡುಗಿ ಅಜ್ಜಿಯ ಮೇಲೆ ಸಿಟ್ಟಾಗುತ್ತಾಳೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವಳು ಎದ್ದು ಒಲೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು ಇಕ್ಕಳ ಕೇಳಿದಳು. ಉಬ್ಬಿದ್ದನ್ನು ಹಗುರಾಗಿ ಎತ್ತಿ ತಟ್ಟೆಗೆ ಇಟ್ಟಳು. ಹಾಲಿನ ಕೆನೆ ಗಟ್ಟಿಯಾದಂತೆ, ತೂತುತೂತಾಗಿ, ಊದಿದರೆ ಹಾರುವಷ್ಟು ಹಗುರ.

"ಅಜ್ಜಿ, ಮೊದಲ ಕರಗಿ ನೀರಾತೇನ, ಆಮ್ಯಾಲ ಉಬ್ಬಿತೇನ?"

"ಹೌದವ್ವ. ಬುರಬುರ ಅಂತು, ಹಬಿ ಬಂತು, ಆಮ್ಯಾಲ ಉಬ್ಬಿತು."

ಮಗಳು ಬಾಟಲಿಯ ತಳದಲ್ಲಿದ್ದ ಸಣ್ಣ ಹರಳುಗಳನ್ನು ತೆಗೆದು ಒರೆಸಿದಳು. ಒಂದನ್ನು ಹಳೆಯ ಸ್ಟೀಲ್ ಚಮಚೆಯಲ್ಲಿಟ್ಟು ಕೆಂಡಕ್ಕೆ ಹಿಡಿದಳು, ಮೇಲೆ ತಣ್ಣನೆಯ ಮುಚ್ಚಳ ಹಿಡಿಯಲು ನನಗೆ ಹೇಳಿದಳು. ಮುಚ್ಚಳದ ಅಡಿಗೆ ನೀರಿನ ಹನಿ ಮೂಡಿದವು. ಒಣಗಿದ ಹರಳು, ಕೈಗೆ ಪಸೆ ಹತ್ತದ ಹರಳು, ಅದರೊಳಗಿನಿಂದ ನೀರು! ಹರಳು ಕಟ್ಟಿಕೊಳ್ಳುವಾಗ ನೀರನ್ನೂ ಒಳಗೆ ಸೇರಿಸಿಕೊಂಡಿರುತ್ತದೆ, ಪಟಿಕದ ತೂಕದಲ್ಲಿ ಅರ್ಧಕ್ಕೆ ಹತ್ತಿರ ನೀರೇ ಎಂದಳು. ಅಳುವಾಗ ಕೆಂಪಾಗಿದ್ದ ಮುಖದಲ್ಲಿ ಆಗಲೇ ಬೇರೆ ಏನೋ ಬಂದಿತ್ತು. ಅವಳ ತಂದೆ ಮನೆಗೆ ಬಂದಾಗ ನಾವು ಮೂವರೂ ಒಲೆಯ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದೆವು, ಇನ್ನೂ ಪಲ್ಯ ಆಗಿರಲಿಲ್ಲ.

ಬೆಳಿಗ್ಗೆ ಜ್ವರ ಬಿಟ್ಟಿತ್ತು. ಅತ್ತೆ ಇಳಕಲ್ ಸೀರೆ ಉಟ್ಟು ನನ್ನೊಂದಿಗೆ ಶಾಲೆಗೆ ಬಂದರು. ಪಕ್ಕದ ಮೇಜುಗಳಲ್ಲಿ ಬಣ್ಣದ ದೀಪ, ತಿರುಗುವ ಗಾಲಿ. ನಮ್ಮವಳ ಮೇಜಿನ ಮೇಲೆ ಬಟ್ಟಲುಗಳಲ್ಲಿ ಅವಳ ಲವಣಗಳು, ನಡುವೆ ಆ ಉಬ್ಬಿದ ಪಟಿಕ. ಅವಳು ಗಾಜಿನ ನಳಿಗೆಯಲ್ಲಿ ಹರಳು ಕಾಯಿಸಿ, ಬಾಯಿಯ ಹತ್ತಿರ ಹನಿ ನಿಂತದ್ದನ್ನು ಬಂದವರಿಗೆಲ್ಲ ತೋರಿಸಿದಳು. ಮೈಲುತುತ್ತವನ್ನು ಕಾಯಿಸಿ ನೀಲಿಯನ್ನು ಬಿಳಿ ಮಾಡಿದಳು, ಆರಿದ ಮೇಲೆ ಒಂದು ಹನಿ ನೀರು ಬಿಟ್ಟು ಮತ್ತೆ ನೀಲಿ ಮಾಡಿದಳು. ಟೀಚರಿಗೆ ಇಂಗ್ಲಿಷಿನಲ್ಲಿ, ಗೆಳತಿಯರ ತಾಯಂದಿರಿಗೆ ಕೊಂಕಣಿಯಲ್ಲಿ ಹೇಳಿದಳು. ದೊಡ್ಡ ಹರಳು ಎಲ್ಲಿ ಎಂದು ಟೀಚರ್ ಕೇಳಿದಾಗ ಒಂದಿಷ್ಟೂ ಮುಚ್ಚಿಡದೆ, ನಮ್ಮಜ್ಜಿ ನನ್ನ ನದರು ತೆಗೆಯಲು ಸುಟ್ಟರು, ಇದೇ ಅದು ಎಂದು ಎಲ್ಲರ ಮುಂದೆ ಅಜ್ಜಿಯನ್ನು ತೋರಿಸಿದಳು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಎಲ್ಲಾ ಖರೇ. ನೀರ ಹೊರಗ ಬಂತು. ನದರ ಎಲ್ಲಿ ಹೋತು ಮತ್ತ?"

"ನದರಿಂದು ನನಗ ಗೊತ್ತಿಲ್ಲ ಅಜ್ಜಿ. ನೀರ ಮಾತ್ರ ಇಲ್ಲಿ ಐತಿ ನೋಡ" ಎಂದಳು ಮಗಳು.

ಕನ್ನಡ ಬರುವ ನಾಲ್ಕು ಮಂದಿ ನಕ್ಕರು, ಅವರು ಉಳಿದವರಿಗೆ ತಿಳಿಸಿ ಹೇಳಿದ ಮೇಲೆ ಟೀಚರ್ ಕೂಡ ನಕ್ಕರು. ಮಧ್ಯಾಹ್ನ ಆ ವರ್ಗದಿಂದ ಮಡಗಾಂವಿಗೆ ಹೋಗುವ ಮೇಜು ಅವಳದೇ ಎಂದು ಸಾರಿದಾಗ ನನಗೆ ಚಪ್ಪಾಳೆ ತಟ್ಟುವುದು ಸಹ ನೆನಪಾಗಲಿಲ್ಲ. ಆ ಚಂದದ ಹರಳಿಗಾಗಿ ಆರಿಸಿದ್ದರೂ ನಾನು ಹೆಮ್ಮೆಪಡುತ್ತಿದ್ದೆ. ಆದರೆ ಇಷ್ಟು ಪಡುತ್ತಿರಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಪಕ್ಕದಲ್ಲಿ ಕೂತ ನಮ್ಮ ಓಣಿಯ ಹೆಂಗಸಿಗೆ, ನನ್ನ ಮೊಮ್ಮಗಳು ಕಲ್ಲಿನಿಂದ ನೀರು ತೆಗೆದಳು ಎಂದು ಹೇಳುತ್ತಿದ್ದರು. ಹಿಂದಿನ ಸೀಟಿನಿಂದ ಮಗಳು ಬಗ್ಗಿ, ಕಲ್ಲಲ್ಲ ಅಜ್ಜಿ, ಲವಣ ಎಂದು ತಿದ್ದಿದಳು. ಮುಂದಿನ ನಿಲ್ದಾಣದಲ್ಲಿ ಇನ್ನೊಬ್ಬಳು ಹತ್ತಿದಳು. ಅತ್ತೆ ಅವಳಿಗೂ ಮೊದಲಿನಿಂದ ಶುರು ಮಾಡಿದರು, ಈ ಸಲ ಸರಿಯಾಗಿಯೇ: "ಕಲ್ಲ ಅಲ್ಲಬೇ ಅದು, ಲವಣ. ಜೋಡಿ ಲವಣ."