ಮುರಿದ ಪದದ ಇನ್ನರ್ಧ

ಓಲೆಗರಿಯ ಮೇಲೆ ಪಿಎಚ್.ಡಿ. ಮಾಡುತ್ತೇನೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬೇಡ ಅಂದರು. ಮತ್ತಿಕೆರೆಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಕೆಲಸ ಮಾಡಿಕೊಂಡೇ ಓದುವವರು ಯಾವುದಾದರೂ ಕಾದಂಬರಿ ಆರಿಸಿಕೊಳ್ಳಬೇಕು, ಬೇಗ ಮುಗಿಯುತ್ತದೆ ಎನ್ನುವುದು ಅವರ ಅನುಭವದ ಮಾತು. ಅವರಲ್ಲಿ ಹಿರಿಯರೊಬ್ಬರು ಮಾತ್ರ, ಹಸ್ತಪ್ರತಿ ಓದುವುದಕ್ಕೆ ಮನೆಯಲ್ಲಿ ಆ ವಾತಾವರಣ ಇರಬೇಕಾಗುತ್ತದೆ ಅಂದು ಅಲ್ಲಿಗೇ ನಿಲ್ಲಿಸಿದರು. ಅವರು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಆಡುವ ಮಾತು ದಖನಿ ಉರ್ದು. ಅಮ್ಮಿಗೆ ಅಂಗಡಿ, ಆಸ್ಪತ್ರೆ, ಅಕ್ಕಪಕ್ಕದ ಮನೆಗೆ ಬೇಕಾಗುವಷ್ಟು ಕನ್ನಡ ಬರುತ್ತದೆ, ಓದಲು ಬರುವುದಿಲ್ಲ.

ಅಬ್ಬಾರ ಕಥೆ ಬೇರೆ. ಅವರು ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಡಿಪೋದಲ್ಲಿ ದಿನಾ ಕನ್ನಡ ಪೇಪರ್ ಓದಿ ಓದಿ ಸಂಪಾದಕೀಯದ ತನಕ ಬಂದಿದ್ದರು. ನನ್ನನ್ನು ಸರಕಾರಿ ಕನ್ನಡ ಶಾಲೆಗೆ ಸೇರಿಸಿದ್ದೂ ಅವರೇ. ನೆಂಟರು ಏನೇನೋ ಅಂದಾಗ ಅವರು ಜಗಳವಾಡಲಿಲ್ಲ, ಸೇರಿಸಿ ಬಂದರು, ಅಷ್ಟೆ. ಓಲೆಗರಿಯ ವಿಷಯ ಹೇಳಿದಾಗಲೂ ಹಾಗೇ. ಓದಿನ ಮಾತು ಬಂದರೆ ನನ್ನ ಜೊತೆ ಕನ್ನಡಕ್ಕೆ ತಿರುಗುವುದು ಅವರ ರೂಢಿ.

"ಯಾರೂ ಓದದೇ ಇರೋದು ಅಲ್ಲಿ ಇದೆಯಾ?" ಅಂತ ಕೇಳಿದರು.

ತುಂಬಾ ಇದೆ ಅಂದೆ.

"ಹಂಗಾದ್ರೆ ಅದನ್ನೇ ಓದು."

ಯಲಹಂಕದಿಂದ ಮುಂದೆ ಇರುವ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ವಿಭಾಗವೊಂದಿದೆ. ಸುತ್ತಲ ಹಳ್ಳಿಗಳ ಮನೆಗಳಿಂದ, ಮಠಗಳಿಂದ, ಯಾರದೋ ಅಟ್ಟದಿಂದ ಬಂದ ಓಲೆಯ ಕಟ್ಟುಗಳು ಅಲ್ಲಿ ಕೆಂಪು ಬಟ್ಟೆ ಸುತ್ತಿಕೊಂಡು ಕಬ್ಬಿಣದ ಬೀರುಗಳಲ್ಲಿ ಮಲಗಿವೆ. ಕಾಲೇಜಿಲ್ಲದ ಶನಿವಾರಗಳಲ್ಲಿ ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಿ ನಾನು ಅಲ್ಲಿಗೆ ಹೋಗತೊಡಗಿದೆ.

ವಿಭಾಗ ನೋಡಿಕೊಳ್ಳುತ್ತಿದ್ದ ಮೇಡಂ ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಮೊದಲ ದಿನವೇ ನನ್ನ ಪೆನ್ನು ತೆಗೆದುಕೊಂಡು ಡ್ರಾಯರಿನಲ್ಲಿ ಹಾಕಿ ಪೆನ್ಸಿಲ್ ಕೊಟ್ಟರು. ನೀರಿನ ಬಾಟಲಿ ಬಾಗಿಲಾಚೆ. ಕೈ ತೊಳೆದು ಒರೆಸಿಕೊಂಡ ಮೇಲೇ ಮೇಜು. ಒಂದು ಹೊತ್ತಿಗೆ ಒಂದೇ ಕಟ್ಟು. ಓಲೆಯನ್ನು ಪುಸ್ತಕದ ಹಾಳೆಯ ಹಾಗೆ ಎತ್ತಬಾರದು, ಎರಡೂ ತುದಿಗೆ ಬೆರಳು ಕೊಟ್ಟು ದಾರದ ಮೇಲೆ ಮೆಲ್ಲಗೆ ಸರಿಸಬೇಕು. ಇಷ್ಟು ಹೇಳಿ ತಮ್ಮ ಕೆಲಸಕ್ಕೆ ಹೋದರು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ.

ಎಂ.ಎ.ಯಲ್ಲಿ ಚಿನ್ನದ ಪದಕ ತೆಗೆದುಕೊಂಡವಳು ನಾನು. ಮೊದಲ ಓಲೆ ಬಿಡಿಸಿದಾಗ ಒಂದು ಸಾಲನ್ನೂ ಓದಲಾಗಲಿಲ್ಲ. ಪದ ಪದದ ನಡುವೆ ಜಾಗವಿಲ್ಲ. ಚುಕ್ಕೆ, ಗೆರೆ ಯಾವುದೂ ಇಲ್ಲ. ಕಂಟ ಎನ್ನುವ ಕಬ್ಬಿಣದ ಮೊನೆಯಿಂದ ಕೊರೆದು ಮಸಿ ತುಂಬಿದ ಅಕ್ಷರಗಳು ಇರುವೆ ಸಾಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಹೋಗುತ್ತವೆ. ದೀರ್ಘವನ್ನು ಬರೆದವರು ಗುರುತಿಸಿಯೇ ಇಲ್ಲ, 'ಕೆರೆ'ಯೋ 'ಕೇರೆ'ಯೋ ನಾವೇ ತಿಳಿದುಕೊಳ್ಳಬೇಕು. ಪ ಯಾವುದು, ವ ಯಾವುದು ಎಂದು ನೋಡುತ್ತಲೇ ಆ ದಿನ ಮುಗಿಯಿತು.

ನಾನು ಬಿಡಲಿಲ್ಲ. ಒಬ್ಬ ಲಿಪಿಕಾರನ ಒಂದೊಂದು ಅಕ್ಷರವನ್ನೂ ಹಾಳೆಯ ಮೇಲೆ ಬಿಡಿಸಿಕೊಂಡೆ. ಬಸ್ಸಿನಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಯಲ್ಲಿ, ಅನ್ನಕ್ಕಿಟ್ಟು ಕುಕ್ಕರ್ ಕೂಗುವ ತನಕ ಅದನ್ನೇ ನೋಡುತ್ತಿದ್ದೆ. ಅಮ್ಮಿ ಒಮ್ಮೆ ಆ ಹಾಳೆ ನೋಡಿ ಇದು ಯಾವ ದೇಶದ ಬರವಣಿಗೆ ಅಂತ ಕೇಳಿದರು. ಕನ್ನಡವೇ ಅಂದರೆ ನಂಬಲಿಲ್ಲ. ಮಳೆಗಾಲ ಕಳೆದು ಚಳಿ ಶುರುವಾಗುವಷ್ಟರಲ್ಲಿ ಒಂದು ಶನಿವಾರ ನಾನು ಒಂದು ಓಲೆಯನ್ನು ಎಲ್ಲಿಯೂ ನಿಲ್ಲದೆ ಓದಿಬಿಟ್ಟೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಮತ್ತೆ ಮೊದಲಿನಿಂದ, ಈ ಸಲ ಸಣ್ಣ ದನಿ ತೆಗೆದು ಓದಿದೆ. ನನ್ನ ದನಿ ನನಗೇ ಇಷ್ಟವಾಯಿತು.

ನಾನು ಆರಿಸಿಕೊಂಡ ಕಟ್ಟು ದನಗಳ ಕಾಯಿಲೆಗೆ ಮದ್ದು ಹೇಳುವ ಒಂದು ಗದ್ಯ ಕೃತಿ. ಬರೆದವರ ಹೆಸರಿಲ್ಲ. ಹೊಟ್ಟೆ ಉಬ್ಬರಕ್ಕೆ ಏನು, ಕಾಲುಬಾಯಿ ಜ್ವರಕ್ಕೆ ಏನು, ಕರು ಹಾಕಿದ ಹಸುವಿಗೆ ಕಸ, ಅಂದರೆ ಮಾಸು, ಬೀಳದಿದ್ದರೆ ಏನು ಮಾಡಬೇಕು, ಎಲ್ಲವನ್ನೂ ಎದುರಿಗೆ ಕೂತವರಿಗೆ ಹೇಳುವ ಹಾಗೆ ಹೇಳಿದ್ದರು. ಬರೆದಿರುವ ಕನ್ನಡ ಚೊಕ್ಕಟ. ಓದುತ್ತಾ ಓದುತ್ತಾ ಆ ಮನುಷ್ಯನ ಮೇಲೆ ನನಗೆ ಅಕ್ಕರೆ ಹುಟ್ಟಿತು. ಒಂದು ಕಡೆ, ನೋಯುತ್ತಿರುವ ಹಸುವಿನ ಹತ್ತಿರ ಗಟ್ಟಿಯಾಗಿ ಮಾತಾಡಬಾರದು ಅಂತ ಬರೆದಿದ್ದರು.

ಆದರೆ ಕಟ್ಟು ಪೂರ್ತಿ ಇರಲಿಲ್ಲ. ಕೆಚ್ಚಲು ಬಾವಿನ ಭಾಗ ಆಗತಾನೇ ಶುರುವಾಗಿತ್ತು. ಕೊನೆಯ ಓಲೆಯ ಕೊನೆಯ ಸಾಲು ಹೀಗಿತ್ತು: ಕೆಚ್ಚಲು ಬಾತು ಹಾಲು ಒಡೆದರೆ ಲೋಳೆಸ. ಅಷ್ಟೇ. ಮುಂದೆ ಕಟ್ಟಿಗೆ ರಟ್ಟಿನ ಹಾಗೆ ಇಡುವ ಮರದ ಹಲಗೆ.

ಅಪೂರ್ಣ ಕೃತಿ ಎಂದು ಬರೆದು ಮುಗಿಸಬಹುದಿತ್ತು, ನನ್ನ ಮಾರ್ಗದರ್ಶಕರೂ ಒಪ್ಪಿದ್ದರು. ನನಗೆ ಮನಸ್ಸು ಬರಲಿಲ್ಲ. ಅದು ಲೋಳೆಸರ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ನಮ್ಮ ಮನೆಯ ಬಾಗಿಲ ಮೇಲೂ ದೃಷ್ಟಿಗೆಂದು ಅಮ್ಮಿ ತಲೆಕೆಳಗಾಗಿ ನೇತುಹಾಕಿರುವ ಅದೇ ಗಿಡ. ಹಾಗಿದ್ದರೆ ಮುಂದಿನ ಓಲೆ ಎಲ್ಲಾದರೂ ಉಳಿದಿದ್ದರೆ ಅದು ರ ಅಕ್ಷರದಿಂದಲೇ ಶುರುವಾಗಬೇಕು.

ಆ ವಿಭಾಗದ ಪಟ್ಟಿಯಲ್ಲಿ ಪ್ರತಿ ಕಟ್ಟಿಗೂ ಅದರ ವಿಷಯ, ಓಲೆಗಳ ಸಂಖ್ಯೆ, ಜೊತೆಗೆ ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಬರೆದಿಟ್ಟಿರುತ್ತಾರೆ. ಅಲ್ಲಿಯವರೆಗೆ ನಾನು ವಿಷಯದ ಕಾಲಂ ಮಾತ್ರ ನೋಡುತ್ತಿದ್ದೆ, ಪಶುವೈದ್ಯ ಎಂದು ಇದ್ದರೆ ಓದುತ್ತಿದ್ದೆ, ಇಲ್ಲದಿದ್ದರೆ ದಾಟುತ್ತಿದ್ದೆ. ಈಗ ವಿಷಯವನ್ನು ಬಿಟ್ಟು ಮೊದಲ ಸಾಲುಗಳನ್ನೇ ಬೆರಳಿಟ್ಟು ಓದುತ್ತಾ ಹೋದೆ. ರ ಎಂದರೆ ರಾಮ, ರಂಗ, ರತ್ನ ಎಂದು ಶುರುವಾಗುವ ಹಾಡುಗಳೇ ಹೆಚ್ಚು. ಒಂದು ಮಧ್ಯಾಹ್ನ ಮನುಷ್ಯರ ವೈದ್ಯದ ಕಟ್ಟುಗಳ ನಡುವೆ ಒಂದು ಕಂಡಿತು. ವಿಷಯ, ದಂತವೈದ್ಯ. ಆದಿ ಇಲ್ಲ. ಮೊದಲ ಸಾಲು, ರದ ತಿರುಳು ಅರಿಶಿನ ಸುಣ್ಣ ಕೂಡಿಸಿ ಅರೆದು.

ನಾನು ಕುರ್ಚಿಯಿಂದ ಎದ್ದು ನಿಂತೆ. ಸಂಸ್ಕೃತದಲ್ಲಿ ರದ ಎಂದರೆ ಹಲ್ಲು. ಎಂದೋ ಪಟ್ಟಿ ಮಾಡಿದವರು ಮೊದಲ ಪದ ನೋಡಿ ಇದು ಹಲ್ಲಿನ ಮದ್ದು ಎಂದುಕೊಂಡಿದ್ದರು. ಅವರನ್ನು ಅನ್ನುವ ಹಾಗಿರಲಿಲ್ಲ, ಎದುರಿಗೆ ಅರ್ಧ ಪದ ಮಾತ್ರ ಇದ್ದಾಗ ನಾನೂ ಹಾಗೇ ಓದುತ್ತಿದ್ದೆನೋ ಏನೋ.

ಮೇಡಂ ಹತ್ತಿರ ಹೋಗಿ ಎರಡೂ ಕಟ್ಟುಗಳನ್ನು ಒಟ್ಟಿಗೆ ಕೊಡಿ ಎಂದೆ. ನಿಯಮ ನಿಮಗೆ ಗೊತ್ತಲ್ಲ ಅಂದರು. ಗೊತ್ತು, ಆದರೆ ಇವೆರಡೂ ಒಂದೇ ಅಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಎರಡೂ ಬೇರೆ ಬೇರೆ ಊರಿಂದ ಬಂದಿವೆ, ಬೇರೆ ಕಾಲದಲ್ಲಿ ಬಂದಿವೆ, ಒಂದು ಬಾಗಲೂರು ಕಡೆಯದು, ಇನ್ನೊಂದು ನಗರದೊಳಗಿನ ಒಂದು ಮನೆಯದು ಎಂದು ವಿವರಿಸಿದರು. ಮನೆ ಭಾಗವಾದಾಗ ಪುಸ್ತಕವೂ ಭಾಗವಾಗಿರಬಹುದಲ್ಲ ಮೇಡಂ ಅಂದೆ. ಅವರು ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡನ್ನೂ ಅಕ್ಕಪಕ್ಕ ಬಿಡಿಸಿದೆವು. ಅಗಲ ಒಂದೇ. ಅಕ್ಷರ ಒಂದೇ ಕೈಯದು, ಅದೇ ಬಾಲ ಎಳೆದ ಳಕಾರ. ಆದರೆ ಎರಡನೆಯ ಕಟ್ಟಿನ ಎಡ ಅಂಚು ಪೂರ್ತಿ ಉದುರಿಹೋಗಿ ಓಲೆಗಳ ಅಂಕಿ ಅಳಿದಿತ್ತು. ಒಬ್ಬ ಲಿಪಿಕಾರ ಎರಡು ಪುಸ್ತಕ ಬರೆದಿರಬಹುದಲ್ಲ ಎಂದು ಮೇಡಂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ನಾನು ಮೊದಲ ಕಟ್ಟಿನ ಕೊನೆಯ ಓಲೆಯನ್ನು ಬೆಳಕಿಗೆ ಹಿಡಿದೆ. ಬಲಗಡೆ ಹುಳ ಕೊರೆದ ತೂತು, ಅದರ ಕೆಳಗೆ ಕೊಂಕಿದ ಇನ್ನೊಂದು. ಎರಡನೆಯ ಕಟ್ಟಿನ ಮೊದಲ ಓಲೆಯನ್ನು ಅದರ ಮೇಲೆ ಮೆಲ್ಲಗೆ ಇಟ್ಟೆವು. ದಾರದ ತೂತು ಕೂಡಿತು. ಹುಳದ ತೂತುಗಳೂ ಕೂಡಿದವು, ಕೊಂಕಿದ್ದೂ ಸೇರಿ. ಕೂಡಿದ ತೂತುಗಳಿಂದ ಕಿಟಕಿಯ ಬೆಳಕು ಬಿಳಿ ಬಟ್ಟೆಯ ಮೇಲೆ ಬಿತ್ತು. ಎಂದೋ ಒಂದು ಹುಳ ಈ ಪುಸ್ತಕ ಇನ್ನೂ ಒಂದಾಗಿದ್ದಾಗ ಇಡಿಯಾಗಿ ಕೊರೆದು ಹೋಗಿತ್ತು.

ಮೇಡಂ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ, "ಆ ಸಾಲು ಓದಿ" ಅಂದರು.

ಓದಿದೆ. ಕೆಚ್ಚಲು ಬಾತು ಹಾಲು ಒಡೆದರೆ ಲೋಳೆಸರದ ತಿರುಳು ಅರಿಶಿನ ಸುಣ್ಣ ಕೂಡಿಸಿ ಅರೆದು ಹಚ್ಚುವುದು.

"ಇಷ್ಟು ವರ್ಷ ಎರಡೂ ನನ್ನ ಬೀರುವಿನಲ್ಲೇ ಇದ್ದವಲ್ರೀ," ಅಂದರು. ಅವರ ಕಣ್ಣು ತುಂಬಿತ್ತು. ನನ್ನದೂ.

ಕೆಲವು ಕಾಯಿಲೆಗಳ ಹೆಸರು ನನಗೆ ಬಗೆಹರಿಯದಿದ್ದುದರಿಂದ ಹೆಬ್ಬಾಳದಲ್ಲಿ ದನದ ಡಾಕ್ಟರುಗಳಿಗೆ ಪಾಠ ಮಾಡುವ ಒಬ್ಬ ಅಧ್ಯಾಪಕರನ್ನು ಹುಡುಕಿಕೊಂಡು ಹೋದೆ. ಕೆಚ್ಚಲು ಬಾವಿನ ಸಾಲನ್ನು ತೋರಿಸಿದಾಗ ಅವರು ನಕ್ಕರು. ಆ ಲೇಪವನ್ನು ಇವತ್ತಿಗೂ ರೈತರಿಗೆ ಹೇಳಿಕೊಡುತ್ತೇವೆ, ನೀವು ಇದನ್ನು ನನ್ನ ಪಾಠದಿಂದ ತೆಗೆದು ಓಲೆಯ ಮೇಲೆ ಬರೆದಿಲ್ಲ ತಾನೇ ಅಂದರು. ಕೆಲವು ಮದ್ದುಗಳು ಅಪಾಯಕಾರಿ ಎಂದೂ ಹೇಳಿದರು, ಆ ಎಚ್ಚರಿಕೆಯನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದೆ.

ಕೃತಿ ಪೂರ್ತಿಯಾದ ಮೇಲೆ ವಿಶ್ವವಿದ್ಯಾಲಯದಲ್ಲೇ ಒಂದು ಸಣ್ಣ ಸಭೆಯಲ್ಲಿ ಅದರ ಬಗ್ಗೆ ಮಾತಾಡಲು ಕರೆದರು. ಅಬ್ಬಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಮ್ಮಿಯನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ಸ್ಟಾಫ್ ರೂಮಿನವರೂ ಬಂದಿದ್ದರು. ನಾನು ಮಾತಾಡಿ ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಹಳ ಮೆಚ್ಚಿ ಮಾತಾಡಿದರು. ಕೊನೆಗೆ, ನಿಮ್ಮಂಥವರು ಕನ್ನಡ ಹಸ್ತಪ್ರತಿಯ ಕಡೆ ಬಂದದ್ದು ಹೇಗೆ ಎಂದು ಕೇಳಿದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಕೆಲವರು ತಿರುಗಿ ಅವರನ್ನು ನೋಡಿದರು.

"ನಾನು ಕನ್ನಡದ ಮೇಷ್ಟ್ರು ಸಾರ್," ಅಂದೆ. "ಆರ್.ಟಿ. ನಗರದಿಂದ ಬಸ್ಸಲ್ಲಿ ಬಂದೆ."

ಮೊದಲು ನಕ್ಕದ್ದು ಮೇಡಂ, ಆಮೇಲೆ ಇಡೀ ಸಭೆ, ಕೇಳಿದವರೂ ಸೇರಿ. ವಾತಾವರಣದ ಮಾತಾಡಿದ್ದ ಹಿರಿಯರು ಸಭೆ ಮುಗಿದ ಮೇಲೆ ಅಬ್ಬಾರ ಕೈ ಹಿಡಿದು, ನೀವು ಒಳ್ಳೆ ಓದುಗಾರ್ತಿಯನ್ನು ಬೆಳೆಸಿದ್ದೀರಿ ಅಂದರು. ಅಬ್ಬಾ ಅವರಿಗೆ ಆ ದಿನದ ಸಂಪಾದಕೀಯದ ಬಗ್ಗೆ ಏನೋ ಕೇಳಿದರು. ಇಬ್ಬರೂ ಕಾಫಿ ಆರುವ ತನಕ ಅದನ್ನೇ ಚರ್ಚಿಸಿದರು.

ಅಮ್ಮಿಗೆ ನನ್ನ ಭಾಷಣ ಹೆಚ್ಚು ಅರ್ಥವಾಗಿರಲಿಲ್ಲ. ಮನೆಗೆ ಬಂದ ಮೇಲೆ ಓಲೆಯಲ್ಲಿ ನಿಜವಾಗಿ ಏನು ಬರೆದಿದೆ ಹೇಳು ಅಂದರು. ಅಡುಗೆಮನೆಯ ನೆಲದ ಮೇಲೆ ಕೂತು ಒಂದೊಂದು ವಾಕ್ಯವನ್ನೂ ದಖನಿಯಲ್ಲಿ ಹೇಳಿದೆ. ನೋಯುತ್ತಿರುವ ಹಸುವಿನ ಹತ್ತಿರ ಗಟ್ಟಿಯಾಗಿ ಮಾತಾಡಬಾರದು ಎನ್ನುವುದನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಬರೆದವರು ದೊಡ್ಡ ಮನಸ್ಸಿನವರು ಅಂದರು. ಆಮೇಲೆ ನನ್ನ ಗಲ್ಲ ಸವರಿದರು. ಮರುದಿನ ಬೀದಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ನನ್ನ ಮಗಳು ಯಾರಿಗೂ ಬಾರದ ಕನ್ನಡ ಓದುತ್ತಾಳೆ ಎಂದು ಹೇಳಿಬಂದರು. ಪಕ್ಕದ ಮನೆಯವರು ಹಳೆಯ ಸೈಟಿನ ಪತ್ರ ತಂದು ಓದಿಕೊಡಿ ಎಂದು ನಿಂತಾಗಲೇ ನನಗೆ ಅದು ಗೊತ್ತಾದದ್ದು.

ಪಟ್ಟಿಯನ್ನು ತಿದ್ದುವುದಕ್ಕೆ ಸಮಿತಿಯ ಒಪ್ಪಿಗೆ ಬೇಕಿತ್ತು, ಅದಕ್ಕೆ ಕೆಲವು ತಿಂಗಳು ಹಿಡಿಯಿತು. ಈಗ ಎರಡು ಸಂಖ್ಯೆಗಳ ಬದಲು ಒಂದೇ ಇದೆ. ವಿಷಯ, ಪಶುವೈದ್ಯ. ಪೂರ್ಣ. ಕೆಳಗೆ, ಭಾಗಗಳನ್ನು ಕೂಡಿಸಿದವರು ಎಂದು ನನ್ನ ಹೆಸರು. ಎರಡನ್ನೂ ಒಂದೇ ಜೋಡಿ ಹಲಗೆಯೊಳಗೆ ಇಡುವ ದಿನ ಮೇಡಂ ಫೋನ್ ಮಾಡಿ ಕರೆದರು. ಓಲೆಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಒರೆಸಿ ಸಿದ್ಧ ಮಾಡಿದ್ದರು, ಕೋಣೆ ತುಂಬ ಅದರದೇ ವಾಸನೆ. ಹೊಸ ದಾರವನ್ನು ನನ್ನ ಕೈಗೆ ಕೊಟ್ಟು, "ನೀವೇ ಪೋಣಿಸಿ," ಅಂದರು. ಮೊದಲ ಓಲೆಯಿಂದ ಕೊನೆಯ ಓಲೆಯವರೆಗೆ ಪೋಣಿಸಿ, ಹಲಗೆ ಇಟ್ಟು ಸುತ್ತಿದೆ. ಬಿಗಿ ಹೆಚ್ಚಾಗಬಾರದು, ಓಲೆ ಸೀಳುತ್ತದೆ. ಸಡಿಲವೂ ಇರಬಾರದು. ಅವರು ಬೆರಳಿಂದ ಒತ್ತಿ ನೋಡಿ ತಲೆಯಾಡಿಸಿದರು.

ಈಗ ವರ್ಷಕ್ಕೊಮ್ಮೆ ನಮ್ಮ ಕಾಲೇಜಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹೋದ ಸಲ ಕೋಲಾರದ ಕಡೆಯ ಒಬ್ಬ ಹುಡುಗಿ ಓಲೆಯ ಮೇಲೆ ಬಗ್ಗಿ, ಒಂದೂ ಗೊತ್ತಾಗ್ತಿಲ್ಲ ಮಿಸ್ ಅಂದಳು. ಗೊತ್ತಾಗುತ್ತೆ, ಮೊದಲು ಒಂದು ಅಕ್ಷರ ಹಿಡಿ ಅಂದೆ. ಅವಳು ಬಹಳ ಹೊತ್ತು ಹುಡುಕಿ ಒಂದು ನಕಾರಕ್ಕೆ ಬೆರಳು ತೋರಿಸಿದಳು. ಸರಿಯಾಗಿತ್ತು. ಮುಂದಿನ ಶನಿವಾರ ನಾನು ಹೋದಾಗ ಅವಳು ಒಬ್ಬಳೇ ಬಂದು ಬಾಗಿಲ ಬಳಿ ಕೈ ತೊಳೆದುಕೊಳ್ಳುತ್ತಿದ್ದಳು.